ತೇಯದೆ ತಂದ ಚಿಪ್ಪಿನ ಸರ

"ಗುರುಗಳೇ, ದಂಡ ಕೊಟ್ಟ ಮೇಲೂ ಮುಖ ತಿರುಗಿಸಿಕೊಂಡು ಹೋಗುವುದು ಯಾವ ನ್ಯಾಯ?" ಎಂದು ಪಂಪಣ್ಣ ಕೇಳಿದ.

ಕೇಳುವಾಗ ಅವನ ದನಿ ಬಿಸಿಯಾಗಿಯೇ ಇತ್ತು. ಅವನ ಅಣ್ಣನ ಗಾಡಿ ಉರುಳಿ ನೆರೆಮನೆಯ ಮುದುಕನ ಕಾಲು ಮುರಿದಿತ್ತು. ಪಂಚರು ಹೇಳಿದಷ್ಟನ್ನೂ ಅಣ್ಣ ಆಳಿನ ಕೈಯಲ್ಲಿ ಕೊಟ್ಟು ಕಳಿಸಿದ್ದ. ಆದರೂ ಆ ಮನೆಯವರು ಇವರನ್ನು ಮಾತಾಡಿಸುತ್ತಿರಲಿಲ್ಲ. ಗುರುಗಳು ಒಂದು ಕತೆ ಹೇಳಿದರು.

ಮೂಡಣ ಮಹಾಸಾಗರದ ನಡುವೆ ಒಂದು ದ್ವೀಪ. ಅಲ್ಲಿಯವರಿಗೆ ಕಡಲ ಚಿಪ್ಪೇ ಹಣ. ಮೀನು, ಗೆಡ್ಡೆ ಕೊಳ್ಳುವುದಕ್ಕಲ್ಲ. ಅದಕ್ಕೆ ಅದಲುಬದಲು ಸಾಕು. ಹೆಣ್ಣು ತರುವಾಗ, ಸತ್ತವರನ್ನು ಕಳಿಸುವಾಗ, ಜಗಳ ಮುಗಿಸುವಾಗ ಚಿಪ್ಪಿನ ಸರ ಬೇಕು. ಚಿಪ್ಪನ್ನು ಒಡೆದು, ತೂತು ಕೊರೆದು, ದಾರಕ್ಕೆ ಪೋಣಿಸಿ, ನೀರು ಹಾಕಿ ಕಲ್ಲಿನ ಮೇಲೆ ತೇಯುತ್ತ ಕೂರಬೇಕು. ಒಂದು ಸರ ಆಗುವಷ್ಟರಲ್ಲಿ ಬೆರಳ ತುದಿಯೂ ಸವೆದಿರುತ್ತದೆ. ಅದು ಹೆಂಗಸರ ಕೆಲಸ. ಗಂಡಸರು ಆ ಕಲ್ಲಿನ ಹತ್ತಿರ ಸುಳಿಯುವುದಿಲ್ಲ.

ಒಬ್ಬನ ತಪ್ಪಿನಿಂದ ಇನ್ನೊಬ್ಬನ ಪ್ರಾಣ ಹೋದರೆ ಮಾತ್ರ ಕಟ್ಟಳೆ ಬೇರೆ. ತಪ್ಪು ಮಾಡಿದವನೇ ಸತ್ತವನ ಮನೆಯ ಅಂಗಳಕ್ಕೆ ಬಂದು ಸರ ತೇಯಬೇಕು. ಕಲ್ಲಿಗೆ ಹಾಕುವ ನೀರನ್ನೂ ತಾನೇ ತರಬೇಕು. ಎಂದಾದರೂ ಆ ಮನೆಯವರು ತಾವಾಗಿಯೇ ನೀರು ತಂದು ಅವನ ಕಲ್ಲಿಗೆ ಹೊಯ್ದರೆ ದ್ವೇಷ ಮುಗಿಯಿತೆಂದು ಅರ್ಥ.

ಅಲ್ಲಿ ಒಬ್ಬ ವಿಧವೆ ಇದ್ದಳು. ಅವಳಿಗೆ ಒಬ್ಬನೇ ಮಗ. ದೋಣಿ ಕಟ್ಟುವವನೊಬ್ಬ ಬಿರುಕು ಬಿಟ್ಟ ಹಲಗೆಗೆ ಅಂಟು ಮೆತ್ತಿ, ಗಟ್ಟಿಯಾಗಿದೆ ಎಂದು ಹೇಳಿ ಅವಳ ಮಗನಿಗೆ ದೋಣಿ ಕೊಟ್ಟ. ದೋಣಿ ನಡುನೀರಿನಲ್ಲಿ ಬಾಯಿಬಿಟ್ಟಿತು. ಮಗ ಮರಳಲಿಲ್ಲ.

ದೋಣಿ ಕಟ್ಟುವವನು ಕಟ್ಟಳೆಯಂತೆ ಅಂಗಳಕ್ಕೆ ಬಂದು ಕೂತ. ವಿಧವೆ ಬಾಗಿಲು ಹಾಕಿಕೊಂಡಳು. ಅವನ ಮುಖ ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಳಗಿದ್ದರೂ ಕಲ್ಲಿನ ಸದ್ದು ಬಿಡುತ್ತಿರಲಿಲ್ಲ. ಇವನ ಕೈ ಸೇದಿಹೋಗಲಿ ಎಂದು ಶಪಿಸಿದಳು. ದಿನ ಕಳೆದಂತೆ ಬಾಗಿಲ ಸಂದಿಯಿಂದ ನೋಡತೊಡಗಿದಳು. ಅವನು ತಲೆ ಎತ್ತುತ್ತಿರಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಒಮ್ಮೆ ತೇಯುತ್ತ ತೇಯುತ್ತ ಅವನು ಅತ್ತದ್ದನ್ನೂ ಕಂಡಳು. ಅವಳ ಸಿಟ್ಟೇನೂ ಇಳಿಯಲಿಲ್ಲ. ಆದರೆ ತನ್ನ ಮಗ ಹೋದದ್ದು ಇನ್ನೊಬ್ಬನನ್ನೂ ನೋಯಿಸುತ್ತಿದೆ ಎಂಬುದು ಹೇಗೋ ಆಸರೆಯಾಯಿತು. ಒಂದು ಬೆಳಿಗ್ಗೆ ಅವಳು ಕರಟದ ತುಂಬ ನೀರು ಹಿಡಿದು ಅಂಗಳಕ್ಕೆ ಬಂದಳು.

ಕಲ್ಲಿತ್ತು. ಅವನಿರಲಿಲ್ಲ.

ಹಿಂದಿನ ದಿನ ದಡಕ್ಕೆ ವರ್ತಕನೊಬ್ಬನ ಹಡಗು ಬಂದಿತ್ತು. ವರ್ತಕನಿಗೆ ದೋಣಿಗಳು ಬೇಕಿದ್ದವು. ಅಂಗಳದಿಂದ ಮನೆಗೆ ಹೊರಟಿದ್ದ ದೋಣಿ ಕಟ್ಟುವವನನ್ನು ದಾರಿಯಲ್ಲಿ ತಡೆದು, "ಇದೇನಯ್ಯಾ, ಕಲ್ಲಿನ ಮುಂದೆ ಹೀಗೆ ಜೀವ ತೇಯುತ್ತ ಕೂತಿದ್ದೀಯ? ನಮ್ಮ ಕಡೆ ಯಂತ್ರ ಇಂಥವನ್ನು ರಾಶಿಗಟ್ಟಲೆ ಉದುರಿಸುತ್ತದೆ. ಹಡಗಿನಲ್ಲೇ ಬೇಕಾದಷ್ಟಿವೆ. ಸರ ನಾನು ಕೊಡುತ್ತೇನೆ, ನೀನು ಕೆಲಸಕ್ಕೆ ಬಾ" ಎಂದ. ದೋಣಿ ಕಟ್ಟುವವನಿಗೆ ಬೆರಳು ನೋಯುತ್ತಿತ್ತು, ಊರಿನವರು ನೋಡುವುದು ಅದಕ್ಕಿಂತ ನೋಯುತ್ತಿತ್ತು. ಮರುಮಾತಾಡದೆ ಒಪ್ಪಿಕೊಂಡ. ಅಂಗಳಕ್ಕೆ ಹೋಗಿ ಒಂದು ಮಾತು ಹೇಳೋಣ ಎಂದೂ ಅವನಿಗೆ ಅನಿಸಲಿಲ್ಲ.

ವಿಧವೆ ನೀರು ತಂದ ದಿನವೇ ಸಂಜೆ ಊರ ಹಿರಿಯರು ಸರ ಹಿಡಿದು ಬಂದರು. ತೋಳು ಚಾಚಿ ಅಳೆದರು. ಬೆಳಕಿಗೆ ಹಿಡಿದರು. ಕಡಲ ಚಿಪ್ಪೇ, ಸುಳ್ಳಲ್ಲ. ಒಂದು ಬಿಲ್ಲೆಯ ಹಾಗೆಯೇ ಇನ್ನೊಂದು.

"ಉದ್ದವೂ ಸರಿ, ಬಣ್ಣವೂ ಸರಿ. ತಗೊಳ್ಳಮ್ಮ. ಇನ್ನು ದ್ವೇಷವಿಲ್ಲ ಅಂತ ಒಂದು ಮಾತು ಹೇಳಿಬಿಡು" ಎಂದರು.

ವಿಧವೆ ಸರವನ್ನು ಕೈಗೆ ತೆಗೆದುಕೊಂಡು ನೋಡಿದಳು. ದೊಡ್ಡವರೆನಿಸಿಕೊಂಡವರು ತನ್ನ ಮಗನ ಸಾವನ್ನು ಹಗ್ಗದ ಹಾಗೆ ಅಳೆಯುತ್ತಿದ್ದಾರಲ್ಲ! ನಾಚಿಕೆ ಬೇಡವೇ ಇವರಿಗೆ?

"ಇದನ್ನು ತೇಯ್ದವರು ಯಾರು?" ಎಂದು ಕೇಳಿದಳು.

"ಯಾರು ತೇಯ್ದರೇನಮ್ಮ? ವರ್ತಕ ತನ್ನ ಯಂತ್ರದಲ್ಲಿ ಮಾಡಿಸಿ ತಂದದ್ದು. ಸರ ಸರವೇ ತಾನೆ?"

"ಹಾಗಾದರೆ ಕ್ಷಮೆಯನ್ನೂ ಆ ವರ್ತಕನ ಹತ್ತಿರವೇ ಕೊಂಡುಕೊಳ್ಳಲಿ. ಅದನ್ನು ಉದುರಿಸುವುದಕ್ಕೂ ಅವನಲ್ಲಿ ಯಂತ್ರ ಇದ್ದೀತು!" ಎಂದು ಅವಳು ಸರವನ್ನು ಅವರ ಕಾಲ ಬಳಿ ಎಸೆದಳು.

ಹಿರಿಯರು ಅವಳಿಗೆ ಕೊಬ್ಬು ಎಂದರು. ಇನ್ನೊಂದು ಸರಕ್ಕಾಗಿ ಆಟ ಹೂಡಿದ್ದಾಳೆ ಎಂದೂ ಆಡಿಕೊಂಡರು. ಕೊಡಬೇಕಾದ್ದನ್ನು ಕೊಟ್ಟಾಗಿದೆ ಎಂದು ದೋಣಿ ಕಟ್ಟುವವನು ಎದೆ ಸೆಟೆಸಿಕೊಂಡು ಓಡಾಡಿದ. ಬೆಳಿಗ್ಗೆ ನೀರು ಹಿಡಿದು ಬಂದವಳ ಮನಸ್ಸು ಮತ್ತೆ ಕಲ್ಲಾಯಿತು. ಸಾಯುವ ತನಕ ಅವಳು ಅವನ ಹೆಸರೆತ್ತಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಗುರುಗಳ ದನಿಯೂ ಏರಿತ್ತು. ಪಂಪಣ್ಣನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಸರದಲ್ಲಿ ಏನೂ ಕುಂದಿರಲಿಲ್ಲ. ಅವಳಿಗೆ ಬರಬೇಕಾದದ್ದು ಬಂದಿತ್ತಲ್ಲ?"

"ಬರಬೇಕಾದವನು ಬಂದಿರಲಿಲ್ಲ" ಎಂದರು ಗುರುಗಳು.