ಕೆಮ್ಮು ಕೇಳದ ಸಾವುಕಾರ

ಬನ್ನಿ ಮಕ್ಕಳೇ, ಹತ್ತಿರ ಸರಿದು ಕೂತುಕೊಳ್ಳಿ. ನಗುವ ಕಥೆ ಅಲ್ಲ ಇದು, ಮೊದಲೇ ಹೇಳಿಬಿಡುತ್ತೇನೆ. ಜೋಳದ ಸೀಮೆಯಲ್ಲಿ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ಅರಸನಿದ್ದ. ಕೆಟ್ಟವನೇನಲ್ಲ, ಆದರೆ ಊರಿನ ಸುದ್ದಿ ಅವನ ಕಿವಿಗೆ ಬೀಳುವಷ್ಟರಲ್ಲಿ ಹಳಸಿ ಹೋಗಿರುತ್ತಿತ್ತು. ಅವನ ಊರಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಕಲ್ಲವ್ವ, ತಂಗಿ ಫಕೀರವ್ವ. ಹೊಲ ಇಲ್ಲ, ಗಂಡ ಮಕ್ಕಳು ಇಲ್ಲ. ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ, ಇಬ್ಬರಿಗೂ ಹಾಡು.

ಅವರದು ಬೀಸುವ ಕಲ್ಲಿನ ಹಾಡು. ಬೆಳಗಾಗುತ್ತಲೇ ಯಾರ ಮನೆಯಲ್ಲಿ ಬೀಸುವುದಿದೆಯೋ ಅಲ್ಲಿಗೆ ಹೋಗಿ ಕಲ್ಲಿನ ಆಚೆ ಒಬ್ಬಳು ಈಚೆ ಒಬ್ಬಳು ಕೂರುವರು. ಕಲ್ಲವ್ವ ಒಂದು ಸಾಲು ಎತ್ತುವಳು. ಫಕೀರವ್ವ ಮುಂದಿನ ಸಾಲು ಹಿಡಿಯುವಳು. ಹಾಡು ಮುಗಿದ ಮೇಲೆ ಮನೆಯೊಡತಿ ತನ್ನ ಕೈಯಾರೆ, ಹಾಡಿದವರ ಮುಖ ನೋಡಿ, ಅವರ ಮೊರಕ್ಕೆ ಜೋಳ ಹಾಕಬೇಕು. ಅದು ಆ ಸೀಮೆಯ ಪದ್ಧತಿ. ಕೆಲವರು ಸೇರು ಹಾಕುವರು, ಕೆಲವರು ಬೊಗಸೆ. ಬೆರಳು ಬಿಗಿಹಿಡಿದು ಹಾಕುವ ಜಿಪುಣಿಯರೂ ಇದ್ದರು, ಇಲ್ಲವೆನ್ನಲಾರೆ. ಅಂತೂ ಇಬ್ಬರ ಹೊಟ್ಟೆಗೆ ಕೊರತೆ ಇರಲಿಲ್ಲ.

ಹೀಗಿರುವಾಗ ಆ ಊರಿಗೆ ಸಾವುಕಾರ ಮುರಿಗೆಪ್ಪ ಬಂದ. ಬರುವಾಗ ಸಾವಿರಾರು ಮೈನಾ ಹಕ್ಕಿಗಳನ್ನು ತಂದ. ಎಂಥ ಹಕ್ಕಿ ಅಂತೀರಿ! ಒಮ್ಮೆ ಕೇಳಿದ ಹಾಡನ್ನು ಕೇಳಿದ ಹಾಗೇ ಹಾಡುತ್ತಿದ್ದವು. ದನಿ ಅದೇ, ರಾಗ ಅದೇ, ನಡುವೆ ಉಸಿರು ಎಳೆದುಕೊಳ್ಳುವುದೂ ಅದೇ.

ಸಾವುಕಾರ ಹಾಡುವವರನ್ನು ಕರೆಸಿ ಹೇಳಿದ: "ಯಾಕವ್ವಾ ಮನಿಮನಿ ತಿರಗತೀರಿ? ಒಮ್ಮೆ ನನ್ನ ಹಕ್ಕಿಗಳ ಮುಂದ ಹಾಡ್ರಿ. ಅವು ಊರ ತುಂಬ ಹಾಡ್ತಾವ. ನೀವು ಮನ್ಯಾಗ ಆರಾಮ ಕುಂದರ್ರಿ. ನಿಮ್ಮ ಪಾಲು ತಿಂಗಳಾ ತಿಂಗಳಾ ಬರತೈತಿ."

ಊರವರನ್ನು ಕರೆದು ಹೇಳಿದ: "ಹಾಡಾವ್ರು ಯಾವಾಗ ಬರ್ತಾರಂತ ಯಾಕ ಕಾಯ್ತೀರಿ? ತಿಂಗಳಿಗೆ ಒಂದು ಸೇರು ಜ್ವಾಳ ಕೊಡ್ರಿ, ಪಂಜರ ಒಯ್ಯಿರಿ. ಯಾವ ಹಾಡು ಬೇಕೋ ಆ ಹಾಡು, ಯಾವಾಗ ಬೇಕೋ ಆವಾಗ. ಪ್ರತಿಯೊಂದು ಹಾಡೂ ಮೊದಲಿಂದ ಕಡೀತನಾ ನಾನ ಕುಂತು ಕೇಳಿ ಕಳಸ್ತೀನಿ. ಕೆಟ್ಟ ಹಾಡು ಬಂದ್ರ ನನ್ನ ಹಿಡೀರಿ."

ಮಾತಿಗೆ ಸಾಕ್ಷಿಯಾಗಿ ಪಂಜರಕ್ಕೊಂದು ಹಿತ್ತಾಳೆ ಬಿಲ್ಲೆ ಕಟ್ಟಿಸಿದ. ಬಿಲ್ಲೆಯ ಮೇಲೆ ಅವನ ಮುದ್ರೆ: "ಮುರಿಗೆಪ್ಪ ಕೇಳಿ ಒಪ್ಪಿದ್ದು." ಅವರೂ ಹಿಗ್ಗಿದರು, ಇವರೂ ಹಿಗ್ಗಿದರು.

ಅಕ್ಕತಂಗಿಯರ ಸರದಿ ಬಂತು. ಇಬ್ಬರೂ ಹಕ್ಕಿಗಳ ಮುಂದೆ ಕೂತರು. ಮೊದಲ ಸಾಲು ಕೇಳಿ ಸಾವುಕಾರ ತಲೆದೂಗಿದ. ಆಮೇಲೆ ಮೆಲ್ಲಗೆ ಎದ್ದು ಅಂಗಳಕ್ಕೆ ಹೋದ, ಬಂದ ಜೋಳದ ಚೀಲ ತಟ್ಟಿ ನೋಡಲಿಕ್ಕೆ. ಫಕೀರವ್ವನಿಗೆ ಅಂದು ನೆಗಡಿ. ಮೂರನೆಯ ನುಡಿಯಲ್ಲಿ ಎರಡು ಸಲ ಕೆಮ್ಮು ಬಂದುಬಿಟ್ಟಿತು. ಹಾಡಿನ ಕೊನೆಯ ಸಾಲಿನಲ್ಲಿ ಹಾಡಿದವರು ತಮ್ಮ ಹೆಸರು, ಊರು ಹೇಳುವುದು ವಾಡಿಕೆ. ಅಷ್ಟು ಹೊತ್ತಿಗೆ ಸಾವುಕಾರ ಒಳಗೆ ಬಂದು ಹಕ್ಕಿಗಳ ಮೇಲೆ ಕಂಬಳಿ ಎಳೆದ.

"ಹೆಸರು ಯಾಕವ್ವಾ, ಹಾಡು ಸಾಕು," ಎಂದ.

ಹೊರಗೆ ಬಂದ ಮೇಲೆ ಫಕೀರವ್ವ ಅಕ್ಕನ ಸೆರಗು ಜಗ್ಗಿದಳು. "ಅಕ್ಕಾ, ನಡಕ ಕೆಮ್ಮಿಬಿಟ್ನೆಲ್ಲ. ಚೊಲೊ ಆಗಲಿಲ್ಲ."

"ಸಾವ್ಕಾರ್ರು ಕುಂತು ಕೇಳ್ತಾರಂತಲ್ಲ, ಬ್ಯಾಡಾದ್ರ ಮತ್ತ ಕರೀತಾರ ಬಿಡು," ಎಂದಳು ಕಲ್ಲವ್ವ.

ಕರೆಯಲಿಲ್ಲ. ಹಾಡು ಮನೆಮನೆಗೆ ಹೋಯಿತು, ಕೆಮ್ಮೂ ಹೋಯಿತು. ಊರ ಮಕ್ಕಳು ಹಕ್ಕಿಯ ಜೊತೆ ಹಾಡುತ್ತ ಮೂರನೆಯ ನುಡಿಗೆ ಬಂದಾಗ ತಾವೂ ಎರಡು ಸಲ ಕೆಮ್ಮಿ ನಗುತ್ತಿದ್ದರು.

ಮೊದಲ ತಿಂಗಳು ಅಕ್ಕತಂಗಿಯರಿಗೆ ಎರಡು ಸೇರು ಜೋಳ ಬಂತು. ಸಾವುಕಾರ ದೊಡ್ಡ ಮನುಷ್ಯ ಎಂದುಕೊಂಡರು. ಪಾಪ.

ಕೆಲವು ತಿಂಗಳು ಕಳೆಯಿತು. ಡಂಗುರ ಸಾರಿತು. "ಇನ್ನ ಮ್ಯಾಲೆ ತಿಂಗಳಿಗೆ ಎರಡು ಸೇರು. ಹಾಡಾವ್ರ ಹೊಟ್ಟಿ ತುಂಬಬೇಕಲ್ರಪಾ!" ಜನ ಗೊಣಗಿದರು, ಕೊಟ್ಟರು. ಹಾಡುವವರಿಗೆ ತಾನೇ ಎಂದುಕೊಂಡರು. ಕಲ್ಲವ್ವ ಆಸೆಯಿಂದ ಸಾವುಕಾರನ ಬಾಗಿಲಿಗೆ ಹೋದಳು. ಅವನು ಒಂದು ಬೊಗಸೆ ಹಾಕಿದ.

"ಇಷ್ಟ ಏನ್ರಿ?"

"ನಿಮ್ಮ ಹಾಡು ಕೇಳಾವ್ರು ಕಡಿಮಿ ಆಗ್ಯಾರವ್ವಾ. ನಾ ಏನ ಮಾಡ್ಲಿ?"

ಮತ್ತೆ ಡಂಗುರ ಸಾರಿತು. ಈಗ ಮೂರು ಸೇರು. ಮತ್ತೆ ಅದೇ ಮಾತು, ಹಾಡುವವರ ಹೊಟ್ಟೆ. ಕಲ್ಲವ್ವ ಹೋದಳು. ಈ ಸಲ ಒಂದು ಹಿಡಿ. ಫಕೀರವ್ವನ ನೆಗಡಿ ಹೋಗಿತ್ತು, ಕೆಮ್ಮು ಹೋಗಿರಲಿಲ್ಲ. ಒಂದೇ ಹಿಡಿಯನ್ನು ಗಂಜಿ ಮಾಡಿ ಇಬ್ಬರೂ ಕುಡಿಯುತ್ತಿದ್ದರು. ಅಕ್ಕ ತನ್ನ ಪಾಲನ್ನು ತಂಗಿಗೆ ಬಗ್ಗಿಸಿದರೆ ಅವಳು ಅದನ್ನೇ ತಿರುಗಿ ಅಕ್ಕನ ಬಟ್ಟಲಿಗೆ ಬಗ್ಗಿಸುವಳು.

ತಡೆಯಲಾರದೆ ಕಲ್ಲವ್ವ ಹಳೆಯ ಮೊರ ತೆಗೆದುಕೊಂಡು ಗಿರಿಜವ್ವನ ಮನೆಗೆ ಹೋದಳು. ಎಷ್ಟೋ ವರ್ಷ ಬೀಸಿ ಹಾಡಿದ ಮನೆ ಅದು. ಗಿರಿಜವ್ವ ಹೊಸಿಲಲ್ಲೇ ನಿಂತಳು.

"ತಿಂಗಳಾ ತಿಂಗಳಾ ಮೂರು ಸೇರು ನಿಮಗಂತ ಕೊಡ್ತೀವಲ್ಲಬೇ, ಮತ್ತ ಮೊರ ಹಿಡಕೊಂಡು ಬಂದ್ರ ಹೆಂಗ? ನಾವೂ ಮಕ್ಕಳೊಂದಿಗರು."

ಒಳಗೆ ಪಂಜರದಲ್ಲಿ ಫಕೀರವ್ವನ ದನಿ ಹಾಡುತ್ತಿತ್ತು. ನಾಚಿಕೆಯಿಂದ ಕಲ್ಲವ್ವನ ಮೈ ಹಿಡಿಯಾಯಿತು. ಬರಿದಾದ ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿ ಬಂದಳು.

ಮೂರನೆಯ ಸಲ ಡಂಗುರ ಸಾರಿತು. ನಾಲ್ಕು ಸೇರು! ಕಲ್ಲವ್ವ ಮೂರನೆಯ ಸಲ ಹೋದಳು. ಸಾವುಕಾರ ಊಟಕ್ಕೆ ಕೂತಿದ್ದ. ಕಾಯುತ್ತ ನಿಂತಾಗ ಉಗ್ರಾಣದ ಕಡೆಯಿಂದ ಗದ್ದಲ ಕೇಳಿಸಿತು. ಇಣುಕಿ ನೋಡಿದಳು. ಒಳಗೆ ಐನೂರು ಪಂಜರ, ಐನೂರು ಹಕ್ಕಿ. ಕೇಳುವವರು ಒಬ್ಬರೂ ಇಲ್ಲ. ಹಾಡಲ್ಲದ ಹಾಡೊಂದನ್ನು ಹಕ್ಕಿಗಳು ಒಂದಕ್ಕೊಂದು ಹಾಡಿಕೊಳ್ಳುತ್ತಿದ್ದವು.

ಕಸ ಹೊಡೆಯುವ ಮುದುಕನನ್ನು ಕೇಳಿದಳು: "ಇವು ಯಾರಿಗಿ ಹಾಡ್ತಾವ ಯಪ್ಪಾ?"

"ಯಾರಿಗೂ ಇಲ್ಲವ್ವಾ. ಯಾರ ಹಾಡು ಹಕ್ಕಿ ಎಷ್ಟು ಸಲ ಹಾಡ್ತಾವೋ ಅವ್ರಿಗೆ ಅಷ್ಟು ಪಾಲು ಅಂತ ಬಂದ ಜ್ವಾಳ ಹಂಚತಾರಲ್ಲ, ಅದಕ್ಕ. ಇವು ಹಗಲೆಲ್ಲ ಹಾಡ್ತಾವ, ಇವುಗಳ ಪಾಲು ಸಾವ್ಕಾರಂದು. ನೀವು ಎಷ್ಟ ಹಾಡಿದ್ರೂ ಇವುಗಳ ಮುಂದ ಹತ್ತೂದಿಲ್ಲ."

ಸಾವುಕಾರ ಕೈ ತೊಳೆದು ಬಂದ. ಮೂರು ಬೆರಳಿನಲ್ಲಿ ಎತ್ತಿ ಒಂದು ಚಿಟಿಕೆ ಜೋಳ ಅವಳ ಮೊರಕ್ಕೆ ಹಾಕಿದ. ಎಣಿಸಿದರೆ ಹನ್ನೊಂದು ಕಾಳು.

ಕಲ್ಲವ್ವ ಮನೆ ಮುಟ್ಟಿದಾಗ ಫಕೀರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದಳು. ಮುಟ್ಟಿದಳು. ಮೈ ಆಗಲೇ ತಣ್ಣಗಾಗಿತ್ತು. ಹಸಿವಿನಿಂದ ಸತ್ತಳು ಮಕ್ಕಳೇ, ಬೇರೆ ಮಾತು ಹಾಕಿ ಯಾಕೆ ಮುಚ್ಚಲಿ? ಇಡೀ ರಾಜ್ಯ ಅವಳ ಹಾಡಿಗೆ ಜೋಳ ಅಳೆದು ಕೊಡುತ್ತಿದ್ದ ಕಾಲದಲ್ಲಿ ಅವಳು ಹಸಿವಿನಿಂದ ಸತ್ತಳು.

ತಂಗಿಯನ್ನು ಮಣ್ಣು ಮಾಡಿ ಕಲ್ಲವ್ವ ಓಣಿಯಲ್ಲಿ ಬರುತ್ತಿದ್ದಳು. ಎಡಗಡೆಯ ಮನೆಯಲ್ಲಿ ಫಕೀರವ್ವನ ದನಿ. ಬಲಗಡೆಯ ಮನೆಯಲ್ಲಿ ಫಕೀರವ್ವನ ದನಿ. ಕಿವಿ ಮುಚ್ಚಿಕೊಂಡು ಓಡಬೇಕೆನಿಸಿತು, ಅಲ್ಲೇ ಕೂತು ಕೇಳಬೇಕು ಅಂತಲೂ ಅನಿಸಿತು. ಒಂದು ಕಿಟಕಿಯ ಕೆಳಗೆ ಕಾಲು ನಿಂತವು. ಮೂರನೆಯ ನುಡಿ ಬಂತು. ಹಕ್ಕಿ ಎರಡು ಸಲ ಕೆಮ್ಮಿತು. ಒಳಗಿದ್ದ ಹುಡುಗಿಯೂ ಕೆಮ್ಮಿ ನಕ್ಕಳು.

ಆಗ ಕಲ್ಲವ್ವನಿಗೆ ಹೊಳೆಯಿತು. ಈ ಕೆಮ್ಮನ್ನು ರಾಜ್ಯವೆಲ್ಲ ಕೇಳಿದೆ. ಕೂಸುಗಳೂ ಕೇಳಿವೆ. ಕೇಳದವನು ಒಬ್ಬನೇ. ಕೇಳಿದ್ದರೆ ಅಂದೇ ಮತ್ತೊಮ್ಮೆ ಹಾಡಿಸುತ್ತಿದ್ದ. ಹಾಡು ಮಾರಿ ಉಗ್ರಾಣ ತುಂಬಿಸಿಕೊಂಡವನು ಒಂದು ಹಾಡನ್ನೂ ಪೂರ್ತಿ ಕೇಳಿಲ್ಲ! ಕಲ್ಲವ್ವ ಕಣ್ಣೊರೆಸಿಕೊಂಡು ಮನೆಗೆ ಹೋದಳು. ಮೂರು ದಿನ ಹೊರಗೆ ಬರಲಿಲ್ಲ.

ನಾಲ್ಕನೆಯ ದಿನ ಸಾವುಕಾರನ ಮನೆಗೆ ನಡೆದಳು.

"ತಂಗಿ ಹ್ವಾದ್ಲಂತಲ್ಲ, ಪಾಪ," ಎಂದ ಸಾವುಕಾರ. "ಯುಗಾದಿ ಬಂತು. ಹೊಸಾ ಹಾಡು ಏನರೆ ಐತೇನು?"

"ಐತ್ರಿ."

ಹಕ್ಕಿಗಳ ಮುಂದೆ ಒಬ್ಬಳೇ ಕೂತಳು. ಮೊದಲ ಸಾಲಿನಲ್ಲಿ ಯುಗಾದಿಯ ಮಾವಿನ ತಳಿರನ್ನು ಹೊಗಳಿದಳು. ಸಾವುಕಾರ ತಲೆದೂಗಿದ, ಎದ್ದ, ಅಂಗಳಕ್ಕೆ ಹೋದ. ಅವನ ಬೆನ್ನು ಮರೆಯಾದ ಮೇಲೆ ಅವಳು ಹಾಡಿದಳು:

ನಾಲ್ಕು ಸೇರಿನ ಜ್ವಾಳ ನೀವು ಕೊಟ್ಟೀರಿ ತಾಯಿ
ನಾಕು ಕಾಳೂ ನಮ್ಮ ಒಲಿ ಕಾಣಲಿಲ್ಲ | ನಿಮ್ಮ
ಗೂಡಿನ್ಯಾಗ ಹಾಡಾಕಿ ಹಸದು ಸತ್ತಾಳ

ಕೇಳಾವ್ರಿಲ್ಲದ ಹಾಡು ಉಗ್ರಾಣದಾಗ ಹಾಡ್ಯಾವ
ಹಕ್ಕಿ ಹಕ್ಕಿಗೆ ಹಾಡಿ ಪಾಲು ತಿಂದಾವ | ನನ್ನ
ಫಕೀರವ್ವ ಬರಿ ಮೊರ ನೋಡಿ ಹ್ವಾದಾಳ

ತಿರುಗಿ ಯುಗಾದಿಯ ಸಾಲಿಗೆ ಬಂದಾಗ ಸಾವುಕಾರ ಒಳಗೆ ಬಂದ. ಹೆಸರಿನ ಸಾಲಿಗೆ ಕಂಬಳಿ ಎಳೆದ. ಪಂಜರಗಳಿಗೆ ಬಿಲ್ಲೆ ಕಟ್ಟಿಸಿ ಮನೆಮನೆಗೆ ಕಳಿಸಿದ. ಅರಮನೆಗೂ ಒಂದು ಹೋಯಿತು.

ಮರುದಿನ ಬೆಳಿಗ್ಗೆ ಗಿರಿಜವ್ವ ಬೀಸಲು ಕೂತಿದ್ದಳು. ಹಾಡು ಕೇಳುತ್ತ ಕೇಳುತ್ತ ಅವಳ ಕೈ ಕಲ್ಲಿನ ಗೂಟದ ಮೇಲೆಯೇ ನಿಂತುಬಿಟ್ಟಿತು. ಎದ್ದು, ಹಿಟ್ಟಿನ ಕೈಯಲ್ಲೇ ಓಡುತ್ತ ಕಲ್ಲವ್ವನ ಮನೆಗೆ ಬಂದಳು.

"ನಿಮಗ ಮುಟ್ಟತೈತಂತ ತಿಳಿದಿದ್ನೆವ್ವಾ! ಅಂದು ಬಾಗಿಲಿಂದ ನಿನ್ನ ಹಂಗ ಕಳಿಸಿದ್ನೆಲ್ಲ, ನನ್ನ ಕೈ ಸೇದಿ ಹೋಗ್ಲಿ!" ಎಂದು ಅತ್ತಳು.

ಕಲ್ಲವ್ವ ಅವಳನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಂದು ಸಂಜೆಯೊಳಗೆ ಊರೆಲ್ಲ ಪಂಜರ ಹೊತ್ತು, ಕಲ್ಲವ್ವನನ್ನು ಮುಂದೆ ಮಾಡಿಕೊಂಡು ಅರಮನೆಯ ಮುಂದೆ ನಿಂತಿತು. ಎಲ್ಲರಿಗಿಂತ ಮೊದಲು ಒಳಗೆ ಓಡಿದವನು ಮಾತ್ರ ಮುರಿಗೆಪ್ಪ.

"ಮಹಾಸ್ವಾಮಿ, ಇದೆಲ್ಲಾ ಸುಳ್ಳ ಹಾಡು! ಯಾರೋ ಹೊಟ್ಟಿಕಿಚ್ಚಿನ ಮಂದಿ ಆಮ್ಯಾಲೆ ನನ್ನ ಹಕ್ಕಿಗಳಿಗೆ ಕಲಿಸ್ಯಾರ. ನಾ ಪ್ರತಿಯೊಂದು ಹಾಡು ಮೊದಲಿಂದ ಕಡೀತನಾ ಕೇಳಿ ಕಳಸಾಂವ. ಜನ ನಾಕು ಸೇರು ಕೊಡೂದ ನನ್ನ ಕಿವಿಗೆ!"

ಅರಸ ಜನರನ್ನೆಲ್ಲ ಒಳಗೆ ಕರೆಸಿ ಕಲ್ಲವ್ವನ ಕಡೆ ನೋಡಿದ. "ಏನವ್ವಾ, ಇದಕ್ಕೇನಂತೀ?"

"ಏನಿಲ್ರಿ ದೊರಿ. ಒಂದ ಮಾತು ಕೇಳ್ತೀನಿ. ನಾವು ಅಕ್ಕತಂಗಿ ಹಾಡಿದ ಹಳೀ ಹಾಡು ಎರಡು ವರ್ಷದಿಂದ ಮಾರ್ಯಾರ. ಅದರಾಗ ನನ್ನ ತಂಗಿ ಎಲ್ಲಿ ಕೆಮ್ಮತಾಳ, ಹೇಳಲಿ."

ಸಾವುಕಾರ ಸುತ್ತಲಿನ ಪಂಜರಗಳ ಕಡೆ ನೋಡಿದ. "ಕೆಮ್ಮು? ಕೆಮ್ಮು... ಹಾಂ, ಕಡೀಕ. ಕಡೀ ನುಡಿಯೊಳಗ."

ಯಾರೂ ನಗಲಿಲ್ಲ. ಬಾಗಿಲ ಹತ್ತಿರ ನಿಂತ ಪಹರೆಯವನು ತನಗರಿಯದೆ ಅಂದುಬಿಟ್ಟ: "ಮೂರನೇ ನುಡಿ. ಎರಡು ಸಲ." ಅರಸನೂ ಮೆಲ್ಲಗೆ ತಲೆಯಾಡಿಸಿದ. ಅರಮನೆಯ ಹಕ್ಕಿಯೂ ಅಲ್ಲೇ ಕೆಮ್ಮುತ್ತಿತ್ತು.

ಅರಸ ಒಂದು ಪಂಜರದ ಬಿಲ್ಲೆ ಕಿತ್ತು ಕೈಯಲ್ಲಿ ಹಿಡಿದ. "ಮುರಿಗೆಪ್ಪ, ಈ ಹೊಸಾ ಹಾಡಿನ ಮ್ಯಾಲೂ ನಿನ್ನ ಮುದ್ರಿ ಐತಿ. ಕೇಳಿ ಒಪ್ಪಿದ್ದು ಅಂತ ಬರದೀ. ಕೇಳಿದ್ದು ಖರೇ ಆದ್ರ, ಅದರಾಗಿನ ಮಾತನ್ನ ನೀನ ಒಪ್ಪಿದಂಗಾತು. ಕೇಳಿಲ್ಲ ಅಂದ್ರ, ಕೇಳದ ಕಿವಿಗೆ ಇಷ್ಟು ದಿನ ಯಾಕ ಜ್ವಾಳ ಅಳಿಸಿಕೊಂಡಿ? ಯಾವುದು ಹೇಳು."

ಸಾವುಕಾರ ತಾನೇ ಕಟ್ಟಿಸಿದ ಬಿಲ್ಲೆಯೇ ಅವನ ಕೊರಳಿಗೆ ಬಿತ್ತು. ಅವನನ್ನು ರಾಜ್ಯದಿಂದ ಆಚೆ ಅಟ್ಟಿದರು. ಉಗ್ರಾಣ ಒಡೆದರು. ಹಾಡಿದವರನ್ನೆಲ್ಲ ಕರೆದು, ಇಷ್ಟು ದಿನ ಅವರಿಗೆ ಸಲ್ಲಬೇಕಾಗಿದ್ದ ಜೋಳವನ್ನು ಅವರವರ ಮುಂದೆ ಸುರಿದರು. ಕಲ್ಲವ್ವನ ಮುಂದೆ ಎಂಟು ಚೀಲ ಇಟ್ಟರು. ಅದರ ಪಕ್ಕದಲ್ಲಿ ಮತ್ತೆ ಎಂಟು ಚೀಲ ಇಟ್ಟರು.

"ಇವು ಯಾರವ್ರಿ?" ಎಂದಳು.

"ನಿನ್ನ ತಂಗೀವು," ಎಂದ ಅರಸ. ನ್ಯಾಯ ಮಾಡಿದ ಸಂತೋಷ ಅವನ ಮುಖದಲ್ಲಿತ್ತು.

ಕಲ್ಲವ್ವ ಎದ್ದು ಆ ಚೀಲಗಳ ಹತ್ತಿರ ಹೋದಳು. ಒಂದರ ಬಾಯಿ ಬಿಚ್ಚಿ, ಹಿಡಿ ತುಂಬ ಜೋಳ ತೆಗೆದು ಅರಸನ ಮುಂದೆ ಚಾಚಿದಳು.

"ಚೊಲೊ ಜ್ವಾಳ ಅದಾವ್ರಿ ದೊರಿ. ಇದರಾಗ ಒಂದ ಹಿಡಿ ಸಾಕಾಗ್ತಿತ್ತು ಆಕಿಗಿ. ಈಗ ಎಲ್ಲಿಗಿ ಒಯ್ದು ಕೊಡ್ಲಿ, ನೀವ ಹೇಳ್ರಿ."

ಅರಸ ಹೇಳಲಿಲ್ಲ. ಗಿರಿಜವ್ವ ಹೇಳಲಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರೂ ಹೇಳಲಿಲ್ಲ. ನನಗೂ ಗೊತ್ತಿಲ್ಲ ಮಕ್ಕಳೇ, ಗೊತ್ತಿದ್ದರೆ ಹೇಳುತ್ತಿರಲಿಲ್ಲವೇ?

ನನಗೆ ಗೊತ್ತಿರುವುದು ಇಷ್ಟು. ಹಾಡುವವರ ಹೆಸರು ಹೇಳಿ ಕೇಳುವವರನ್ನೂ, ಕೇಳುವವರ ಹೆಸರು ಹೇಳಿ ಹಾಡುವವರನ್ನೂ ಸುಲಿಯುವವನು ಒಂದು ದಿನ ಸಿಕ್ಕಿಬೀಳುತ್ತಾನೆ. ಅವನು ಸಿಕ್ಕಿಬಿದ್ದ ದಿನ ಸತ್ತವರು ಎದ್ದು ಬರುವುದಿಲ್ಲ. ಆದ್ದರಿಂದ ಹಾಡು ಕೇಳಿದವರು, ಕೊಟ್ಟದ್ದು ಹಾಡಿದವರ ಕೈಗೆ ಮುಟ್ಟಿತೋ ಇಲ್ಲವೋ ಎಂದು ಕೇಳಬೇಕು. ಅವರು ಬದುಕಿರುವಾಗಲೇ ಕೇಳಬೇಕು.