ದೋಣಿಗೆ ಕೂತ ಕಾರಿನ ಸ್ಟಾರ್ಟರ್

“ಗುರುಗಳೇ, ಎಂಜಿನ್ ಅಂದರೆ ಎಂಜಿನ್. ದೋಣಿಗೆ ಕಾರಿನ ಬಿಡಿಭಾಗ ಹಾಕಿದರೆ ತಪ್ಪೇನು?” ಎಂದು ಶಿಷ್ಯ ವಾಮನ ಕೇಳಿದ.

ಆ ಮಠ ಇದ್ದದ್ದು ಹೊಳೆಯ ನಡುವಿನ ಕುದ್ರುವಿನಲ್ಲಿ, ಸುತ್ತ ನೀರಿರುವ ನಡುಗಡ್ಡೆಯಲ್ಲಿ. ಭಕ್ತರನ್ನು ದಾಟಿಸುವ ಪೆಟ್ರೋಲ್ ದೋಣಿ ವಾಮನನ ಸುಪರ್ದಿಯಲ್ಲಿತ್ತು. ಅದರ ಸ್ಟಾರ್ಟರ್ ಕೆಟ್ಟು ಎರಡು ದಿನವಾಗಿತ್ತು. ಮರುದಿನ ಹುಣ್ಣಿಮೆ, ನೂರು ಜನ ದಾಟುವವರಿದ್ದರು. ಕಾರಿನ ಸ್ಟಾರ್ಟರೊಂದನ್ನು ಅವನು ಆಗಲೇ ಹಿಡಿದುಕೊಂಡು ಬಂದಿದ್ದ. ಗುರುಗಳು ಅದನ್ನು ನೋಡಿದರು, ಸಿಟ್ಟು ನುಂಗಿಕೊಂಡು ಹೇಳತೊಡಗಿದರು.

ಹೊಳೆ ದಾಟಿಸುವ ಒಂದು ಕಡವಿನಲ್ಲಿ ಒಬ್ಬ ದೋಣಿಯವನಿದ್ದ. ಅವನ ದೋಣಿಯ ಸ್ಟಾರ್ಟರೂ ಹೀಗೆಯೇ ಕೆಟ್ಟಿತು. ದೋಣಿಯದ್ದೇ ಬೇಕೆಂದರೆ ಬಂದರಿನಿಂದ ತರಿಸಬೇಕು, ಎಂಟು ದಿನ ಕಾಯಬೇಕು. ದಡದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಜೀವಮಾನವೆಲ್ಲ ಕಾರು ರಿಪೇರಿ ಮಾಡಿದವನು, ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ತನಗೆ ಗೊತ್ತಿಲ್ಲದ್ದೂ ಇದೆ ಎಂಬುದೊಂದು ಅವನಿಗೆ ಗೊತ್ತಿರಲಿಲ್ಲ.

“ಎಂಟು ದಿನ ಯಾಕೆ ಮಾರಾಯ? ಅದೇ ಎಂಜಿನ್, ಅದೇ ಬೋಲ್ಟು. ಕಾರಿಂದೇ ಕೂತ್ಕೊಳ್ತದೆ,” ಎಂದ.

ದೋಣಿಯವನ ಅಕ್ಕ ಅಲ್ಲೇ ನಿಂತಿದ್ದಳು. “ಎರಡೂ ಒಂದೇ ಆದ್ರೆ, ಮಾಡಿದವರು ಬೇರೆ ಬೇರೆ ಯಾಕೆ ಮಾಡಿದ್ದು?” ಎಂದು ಕೇಳಿದಳು.

“ಎಂಜಿನ್ ವಿಷಯ ನಿಮಗೆ ಯಾಕಕ್ಕ?” ಎಂದು ಮೆಕ್ಯಾನಿಕ್ ನಕ್ಕ. ತಮ್ಮನೂ ನಕ್ಕ. ಆ ನಗುವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಷ್ಟು ಸರಿಯಾದ ಪ್ರಶ್ನೆಗೆ ಇಬ್ಬರು ಗಂಡಸರ ಹತ್ತಿರ ಇದ್ದ ಉತ್ತರ ಅದೊಂದೇ.

ಕಾರಿನ ಸ್ಟಾರ್ಟರ್ ಕೂತಿತು. ಕೀಲಿ ತಿರುಗಿಸಿದೊಡನೆ ಎಂಜಿನ್ ಶುರುವಾಯಿತು. ಇಪ್ಪತ್ತು ದಿನ ಓಡಿತು. ಏನೂ ಆಗದ ಇಪ್ಪತ್ತು ದಿನಗಳನ್ನು ಆ ಮೂರ್ಖ ಮೆಕ್ಯಾನಿಕ್ ಪುರಾವೆ ಎಂದುಕೊಂಡ, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಸ್ಟಾರ್ಟರ್ ತಿರುಗುವಾಗ ಒಳಗೆ ಕಿಡಿ ಹಾರುತ್ತದೆ, ವಾಮನ. ಕಾರಿನಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ರಸ್ತೆಗೆ ಬೀಳುತ್ತದೆ, ಆವಿಯನ್ನು ಗಾಳಿ ಒಯ್ಯುತ್ತದೆ. ದೋಣಿಗೆ ತಳವಿದೆ. ಆ ಆವಿ ಗಾಳಿಗಿಂತ ಭಾರ. ಕೊಡದಲ್ಲಿ ನೀರು ನಿಂತ ಹಾಗೆ ತಳದಲ್ಲೇ ನಿಲ್ಲುತ್ತದೆ. ಅದಕ್ಕೇ ದೋಣಿಯ ಸ್ಟಾರ್ಟರನ್ನು ಕಿಡಿ ಹೊರಗೆ ಬಾರದ ಹಾಗೆ ಮುಚ್ಚಿ ಮಾಡುತ್ತಾರೆ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ.

ಇಪ್ಪತ್ತೊಂದನೆಯ ದಿನ ಅಕ್ಕ ಆಚೆ ದಡದ ಆಸ್ಪತ್ರೆಗೆ ಹೊರಟಳು. ಅವಳಿಗೆ ಮಂಡಿನೋವು. ಎಂಜಿನ್ ಪೆಟ್ಟಿಗೆಯ ಮುಚ್ಚಳವೇ ಅಗಲವಾದ ಜಾಗ ಎಂದು ತಮ್ಮ ಅವಳನ್ನು ಕೈಹಿಡಿದು ಅದರ ಮೇಲೆ ಕೂರಿಸಿದ. ಒಳಗೆ ಪೆಟ್ರೋಲ್ ಪೈಪು ಹಿಂದಿನ ದಿನದಿಂದ ಸಣ್ಣಗೆ ಸೋರುತ್ತಿತ್ತು. ಅವನು ಮುಚ್ಚಳ ತೆಗೆದು ನೋಡಿರಲಿಲ್ಲ. ಕೀಲಿ ತಿರುಗಿಸಿದ. ದೋಣಿ ಸಿಡಿಯಿತು.

ತಮ್ಮ ನೀರಿಗೆ ಬಿದ್ದು ಬದುಕಿದ. ಅಕ್ಕ ಬದುಕಲಿಲ್ಲ.

ದಡಕ್ಕೆ ಎಳೆದು ತಂದ ದೋಣಿಯನ್ನು ನೋಡಲು ಮೆಕ್ಯಾನಿಕ್ ಬಂದ. ಅವಳ ಚಿತೆ ಇನ್ನೂ ಆರಿರಲಿಲ್ಲ. ಅವನು ಸುಟ್ಟ ಎಂಜಿನ್ನಿಗೆ ಕೈ ಹಾಕಿ ಸ್ಟಾರ್ಟರನ್ನು ಅಲುಗಾಡಿಸಿ ನೋಡಿದ. ಆಮೇಲೆ ಎಲ್ಲರೆದುರು, “ನನ್ನ ಕೆಲಸದಲ್ಲಿ ತಪ್ಪಿಲ್ಲ. ನೋಡಿ, ಕೂತದ್ದು ಕೂತ ಹಾಗೇ ಉಂಟು,” ಎಂದ.

ಗುರುಗಳು ಕತೆ ನಿಲ್ಲಿಸಿದರು.

ವಾಮನ ತಲೆ ತಗ್ಗಿಸಿದ. ಆದರೂ ಸುಮ್ಮನಾಗಲಿಲ್ಲ. “ನಾಳೆ ಒಂದೇ ದಿನಕ್ಕೆ, ಗುರುಗಳೇ. ನಾನೇ ಅಳತೆ ನೋಡಿದ್ದೇನೆ. ಇದು ಸರಿಯಾಗಿ ಕೂರುತ್ತದೆ.”

“ಕೂರುತ್ತದೆ ಎಂದು ನನಗೂ ಗೊತ್ತು; ಅದರ ಮೇಲೆ ನಿನ್ನ ತಾಯಿಯನ್ನು ಕೂರಿಸುತ್ತೀಯಾ?”