ಬೇಳೆ ಬೇಯದ ಮನೆ

“ಗುರುಗಳೇ, ಹಿಂದಿನವರು ನೀರನ್ನು ತಾಯಿ ಎಂದರು. ಶಾಸ್ತ್ರಕಾರರು ಪಂಚಭೂತಗಳಲ್ಲಿ ಒಂದು ಎಂದರು. ವೈದ್ಯರು ಅದಕ್ಕೂ ಗುಣದೋಷಗಳುಂಟು ಎಂದರು. ನಾನು ಯಾವುದನ್ನು ನಂಬಲಿ?”

ಹೀಗೆ ಕೇಳಿದ ಶಿಷ್ಯನು, ಕುಡಿದು ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿದನು. ಕೆಲವು ದಿನಗಳಿಂದ ಈ ಪ್ರಶ್ನೆ ಅವನನ್ನು ಒಂದೆಡೆ ಕೂರಗೊಟ್ಟಿರಲಿಲ್ಲ. ಗುರುಗಳು ಮೊದಲು ಅವನನ್ನು ಕೂರಿಸಿದರು. ಅನಂತರ ಹೇಳಿದರು.

ಒಬ್ಬ ರೈತನ ಮನೆಗೆ ಊರಾಚೆಯ ಕೆರೆಯಿಂದ ನೀರು ಬರುತ್ತಿತ್ತು. ಅವನು ಹಿತ್ತಲಿನಲ್ಲಿ ಬಾವಿ ತೋಡಿದನು. ತಿಳಿಯಾದ ನೀರು ಬಂತು. ಅವನ ತಾಯಿ ಅರಿಸಿನ ಕುಂಕುಮವಿಟ್ಟು, ಗಂಗಮ್ಮ ಮನೆಗೆ ಬಂದಳೆಂದು ಕೈಮುಗಿದಳು. ಕೆರೆಗೆ ಹೋಗುವುದು ನಿಂತಿತು. ಅದೇ ವಾರ ರೈತನಿಗೆ ಮದುವೆಯಾಯಿತು. ಸೊಸೆ ಬಂದಳು, ಒಲೆ ಅವಳ ಪಾಲಿಗೆ ಬಂತು.

ಅವಳು ಇಟ್ಟ ಬೇಳೆ ಬೇಯಲಿಲ್ಲ. ಮರುದಿನವೂ ಬೇಯಲಿಲ್ಲ. ಸೌದೆ ತೀರಿತು, ಬೇಳೆ ಕಲ್ಲಿನಂತೆಯೇ ಉಳಿಯಿತು. ಸೊಸೆಯ ಕೈಗುಣ ಕೆಟ್ಟದ್ದೆಂದು ಅತ್ತೆ ತೀರ್ಮಾನಿಸಿದಳು. ಅವಳನ್ನು ತವರಿಗೆ ಕಳುಹಿಸಿಬಿಡಲು ದಿನ ಗೊತ್ತುಮಾಡಿದಳು.

ಬಾವಿ ನೀರಿನ ಕೊಡದ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತಿದ್ದುದನ್ನು ರೈತನು ಕಂಡಿದ್ದನು. ಆದರೆ ಅದು ತಾನು ತೋಡಿದ ಬಾವಿ. ತಾಯಿ ಪೂಜಿಸಿದ ಬಾವಿ. ಅವನು ಒಳಗೆ ಬಂದನು, ಹೊರಗೆ ಹೋದನು, ಮತ್ತೆ ಒಳಗೆ ಬಂದನು.

ಹೊರಡುವ ದಿನ ಸೊಸೆ ಬಟ್ಟೆಯ ಗಂಟು ಕಟ್ಟಿಟ್ಟು, “ಅತ್ತೆ, ಒಂದು ಸಲ ಕೆರೆ ನೀರಲ್ಲಿ ಬೇಯಿಸಿ ನೋಡ್ತೀನಿ” ಎಂದಳು.

“ಗಂಗಮ್ಮನ ಮೇಲೇ ತಪ್ಪು ಹೊರಿಸ್ತೀಯೇನೇ? ಈ ಮನೇಲಿ ನಿನ್ನ ಬೇಳೆ ಬೇಯಲ್ಲ.”

“ನಾನೂ ಅದನ್ನೇ ಹೇಳ್ತಿದ್ದೀನಲ್ಲ, ಅತ್ತೆ.”

ಅವಳು ಕೊಡ ಹೊತ್ತು ಕೆರೆಗೆ ಹೋಗಿ ಬಂದಳು. ಬೇಳೆ ಬೆಣ್ಣೆಯಂತೆ ಬೆಂದಿತು. ಅತ್ತೆ ಉಂಡಳು. “ಗಂಗಮ್ಮ ಮುನಿಸು ಬಿಟ್ಟಳು” ಎಂದು ಬಾವಿಗೆ ಹೂವೇರಿಸಿದಳು. ಗಂಟು ಬಿಚ್ಚಿಸಿದಳು. ಅಂದಿನಿಂದ ಬಾವಿಗೆ ಪೂಜೆ ತಪ್ಪಲಿಲ್ಲ. ಸೊಸೆಗೆ ಕೆರೆಯ ದಾರಿ ತಪ್ಪಲಿಲ್ಲ. ರೈತನು ಎರಡನ್ನೂ ನೋಡುತ್ತಿದ್ದನು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನು ಎದ್ದುನಿಂತನು.

“ಹಾಗಾದರೆ ನೀರು ತಾಯಿಯೋ, ಅಲ್ಲವೋ? ತಾವು ಅದನ್ನು ಹೇಳಲೇ ಇಲ್ಲ.”

ಗುರುಗಳು ಅಂಗಳದ ಒದ್ದೆಯತ್ತ ನೋಡಿ ಕೇಳಿದರು: “ನೀನು ಚೆಲ್ಲಿದ ನೀರನ್ನು ಹೊತ್ತು ತಂದವರು ಯಾರು?”